ಅಳಿಸಲು ಇನ್ನೇನೂ ಉಳಿದಿರಲಿಲ್ಲ

ನನ್ನ ಲ್ಯಾಪ್‌ಟಾಪ್‌ನಲ್ಲಿದ್ದದ್ದು 256 ಜಿಬಿ ಎಸ್‌ಎಸ್‌ಡಿ, ಅಂದರೆ ಫ್ಲಾಶ್ ಚಿಪ್‌ಗಳಲ್ಲಿ ಫೈಲ್ ಉಳಿಸುವ ಡ್ರೈವ್. ವಿಂಡೋಸ್ ಲೆಕ್ಕದಲ್ಲಿ 238. ಸಿ ಡ್ರೈವಿನ ಪಟ್ಟಿ ಕೆಂಪಾದಾಗಲೆಲ್ಲ ರೀಸೈಕಲ್ ಬಿನ್ ಖಾಲಿ ಮಾಡಿ, ಡೌನ್‌ಲೋಡ್ಸ್ ಫೋಲ್ಡರ್ ಗುಡಿಸಿ, ಸಿಕ್ಕಷ್ಟು ಜಾಗದಲ್ಲೇ ಕೆಲಸ ಮುಂದುವರಿಸುತ್ತಿದ್ದೆ. ದೊಡ್ಡ ಡ್ರೈವ್ ಹಾಕಿಸಬೇಕೋ ಬೇಡವೋ ಎಂಬುದು ಇತ್ಯರ್ಥವಾದದ್ದು ಒಂದು ಭಾನುವಾರ.

ಅವತ್ತು ಹೊರಗಿನ ಡ್ರೈವಿನಿಂದ ವಿಡಿಯೊಗಳನ್ನು ಕಾಪಿ ಮಾಡುತ್ತಿದ್ದೆ. ಮೊದಲು ಸೆಕೆಂಡಿಗೆ 400 ಎಂಬಿ ಆಸುಪಾಸಿನಲ್ಲಿದ್ದ ವೇಗ ನೋಡನೋಡುತ್ತಲೇ ಕುಸಿದು 60ಕ್ಕೆ ಬಂತು, ಅಲ್ಲೇ ತೆವಳತೊಡಗಿತು. ಡ್ರೈವ್ ಕೈಕೊಡುತ್ತಿದೆಯೇನೋ ಎಂದು ಎದೆ ಧಸಕ್ಕೆಂದಿತು. ಡ್ರೈವಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶ ತೆರೆದರೆ ಆರೋಗ್ಯ ಶೇ. 91. ಹೇಳಿಕೊಳ್ಳುವಂಥ ಸವೆತವೇನೂ ಇಲ್ಲ. ಹಾಗಾದರೆ ತೊಂದರೆ ಇದ್ದದ್ದು ಜಾಗದ್ದೇ.

ಎಸ್‌ಎಸ್‌ಡಿಯ ಫ್ಲಾಶ್ ಚಿಪ್‌ನಲ್ಲಿ ಬರೆಯುವುದು ಪುಟ ಪುಟವಾಗಿ, ಅಳಿಸುವುದು ಮಾತ್ರ ನೂರಾರು ಪುಟಗಳ ಇಡೀ ಬ್ಲಾಕನ್ನೇ. ಬರೆದ ಪುಟದ ಮೇಲೆ ಮತ್ತೆ ಬರೆಯಲಾಗದು. ಹಾಗಾಗಿ ಖಾಲಿ ಬ್ಲಾಕ್‌ಗಳು ಮುಗಿಯುತ್ತ ಬಂದಾಗ ಡ್ರೈವನ್ನು ನಡೆಸುವ ಕಂಟ್ರೋಲರ್ ಚಿಪ್ ಒಂದು ಬ್ಲಾಕಿನಲ್ಲಿ ಉಳಿದಿರುವ ಬೇಕಾದ ಪುಟಗಳನ್ನು ಬೇರೆಡೆಗೆ ಸಾಗಿಸಿ, ಅದನ್ನು ಅಳಿಸಿ, ಆಮೇಲೆ ಹೊಸದನ್ನು ಬರೆಯಬೇಕು. ತುಂಬಿದ ಅಟ್ಟದಲ್ಲಿ ಒಂದು ಪೆಟ್ಟಿಗೆ ಇಡಲು ನಾಲ್ಕು ಪೆಟ್ಟಿಗೆ ಸರಿಸಿದಂತೆ. ಇದರ ಜೊತೆಗೆ ಇನ್ನೊಂದಿದೆ: ಇಂಥ ಬಹುತೇಕ ಡ್ರೈವ್‌ಗಳು ಮಾಹಿತಿ ಹಿಡಿದಿಡುವ ಪುಟ್ಟ ಕೋಶಗಳಾದ ಸೆಲ್‌ಗಳು ಖಾಲಿ ಇದ್ದಾಗ ಅವುಗಳಲ್ಲಿ ಮೂರು ಬಿಟ್‌ನ ಬದಲು ಒಂದೇ ಬಿಟ್ ಬರೆದು ವೇಗ ತೋರಿಸುತ್ತವೆ. ಜಾಗ ಕಡಿಮೆಯಾದಷ್ಟೂ ಆ ವೇಗದ ತಾತ್ಕಾಲಿಕ ಜಾಗವೂ (ಕ್ಯಾಶೆ) ಕುಗ್ಗುತ್ತದೆ. ಓದುವ ವೇಗಕ್ಕೆ ಅಷ್ಟು ಪೆಟ್ಟು ಬೀಳದ ಕಾರಣ ದಿನನಿತ್ಯದ ಬಳಕೆಯಲ್ಲಿ ಇದು ಕಣ್ಣಿಗೇ ಬೀಳುವುದಿಲ್ಲ.

ಕಾಪಿ ಮುಗಿದ ಮೇಲೆ ಯಾವ ಫೈಲ್ ಎಷ್ಟು ಜಾಗ ತಿಂದಿದೆ ಎಂದು ತೋರಿಸುವ ವಿಜ್‌ಟ್ರೀ ಹಾಕಿ ಏನೇನು ತುಂಬಿದೆ ನೋಡಿದೆ. ಹೈಬರ್ನೇಶನ್ ಫೈಲ್ (ತೆರೆದ ಕೆಲಸವನ್ನು ಉಳಿಸಿ ಲ್ಯಾಪ್‌ಟಾಪ್ ಆರಿಸಲು ವಿಂಡೋಸ್ ಇಟ್ಟುಕೊಳ್ಳುವುದು), ಹಳೆಯ ಅಪ್‌ಡೇಟ್‌ಗಳ ಉಳಿಕೆ, ಬ್ರೌಸರ್ ಕ್ಯಾಶೆ. ಇವುಗಳಲ್ಲಿ ಅಳಿಸಿದ್ದು ಬಹುಪಾಲು ಮತ್ತೆ ಬಂದು ಕೂರುತ್ತದೆ. ಎಲ್ಲ ಸೇರಿಸಿದರೂ ಸಣ್ಣ ಮೊತ್ತ. ನಿಜವಾಗಿ ಬೆಳೆಯುತ್ತಿದ್ದದ್ದು ನನ್ನ ಕೆಲಸದ ಫೋಲ್ಡರ್, ತಿಂಗಳಿಗೆ ಸುಮಾರು 12 ಜಿಬಿ. ಅದರಲ್ಲಿ ಅಳಿಸುವಂಥದ್ದು ಒಂದೂ ಇರಲಿಲ್ಲ. ತುಂಬಿರುವುದು ಕಸವಾಗಿದ್ದರೆ ಗುಡಿಸಿದರೆ ಸಾಕು, ಹೊಸ ಡ್ರೈವ್ ದಂಡ. ನಮ್ಮದೇ ಕೆಲಸ ಬೆಳೆದು ತುಂಬಿದೆ ಎಂದಾದರೆ ಮಾತ್ರ ತಡಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಳೆಯ ಕೆಲಸಗಳನ್ನು ಹೊರಗಿನ ಡ್ರೈವಿಗೆ ಸಾಗಿಸಬಹುದಿತ್ತು. ಆದರೆ ನಾನು ಅವುಗಳನ್ನು ಆಗಾಗ ತೆರೆಯುತ್ತಲೇ ಇರುತ್ತೇನೆ.

512 ಜಿಬಿಯೋ 1 ಟಿಬಿಯೋ? ಐದನೇ ಒಂದು ಭಾಗ ಸದಾ ಖಾಲಿ ಬಿಡಬೇಕು ಎಂದಿಟ್ಟುಕೊಂಡರೆ 512ರಲ್ಲಿ ನನಗೆ ಸಿಗುತ್ತಿದ್ದದ್ದು ಒಂದು ವರ್ಷದ ನೆಮ್ಮದಿ. 1 ಟಿಬಿ ಎಂದು ನಿರ್ಧರಿಸಿದೆ. ಸೆಕೆಂಡಿಗೆ 7000 ಎಂಬಿಯ ಡ್ರೈವ್ ಬೇಡವೆನಿಸಿತು, ಏಕೆಂದರೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಕೂರುವ ಸ್ಲಾಟ್ ಪಿಸಿಐಇ 3.0 ಎಂಬ ಹಳೆಯ ಪೀಳಿಗೆಯ ಸಂಪರ್ಕದ್ದು. ಅದರ ಮಿತಿ 3500ರ ಹತ್ತಿರ.

ಬದಲಿಸುವ ಕೆಲಸ ಸಲೀಸು. ಡ್ರೈವಿನ ಬೀಗ ತೆಗೆಯುವ ಬಿಟ್‌ಲಾಕರ್ ಕೀ ಬೇರೆಡೆ ಬರೆದಿಟ್ಟೆ, ಬ್ಯಾಕಪ್ ತೆಗೆದೆ, ಡ್ರೈವನ್ನು ಹೊರಗಿನಿಂದ ಜೋಡಿಸುವ ಡಬ್ಬಿಯಾದ ಯುಎಸ್‌ಬಿ ಎನ್‌ಕ್ಲೋಷರ್‌ನಲ್ಲಿ ಹೊಸದನ್ನಿಟ್ಟು, ಹಳೆಯದರಲ್ಲಿದ್ದದ್ದನ್ನೆಲ್ಲ ಹಾಗೆಯೇ ನಕಲಿಸಿ ಕ್ಲೋನ್ ಮಾಡಿದೆ. ಸಿ ಡ್ರೈವಿನ ಬೆನ್ನಿಗೇ ರಿಕವರಿ ಪಾರ್ಟಿಶನ್ (ವಿಂಡೋಸ್ ಕೆಟ್ಟರೆ ಸರಿಪಡಿಸಲು ಮೀಸಲಿಟ್ಟ ಭಾಗ) ಇರುವುದರಿಂದ, ಅದನ್ನು ಕೊನೆಗೆ ಸರಿಸದಿದ್ದರೆ ಹೊಸ ಜಾಗ ಸಿ ಡ್ರೈವಿಗೆ ಸೇರುವುದಿಲ್ಲ, ಅಷ್ಟು ಗಮನಿಸಬೇಕು. ಆಮೇಲೆ ಲ್ಯಾಪ್‌ಟಾಪ್ ತೆರೆದು, ಡ್ರೈವನ್ನು ಹಿಡಿದಿರುವ ಒಂದೇ ಸ್ಕ್ರೂ ಬಿಚ್ಚಿದೊಡನೆ ಹಳೆಯ ಡ್ರೈವಿನ ತುದಿ ತಾನಾಗಿ ಓರೆಯಾಗಿ ಮೇಲೆದ್ದಿತು. ಹೊಸದನ್ನು ಅದೇ ಓರೆಯಲ್ಲಿ ಸ್ಲಾಟಿಗೆ ತೂರಿಸಿ, ಕೆಳಗೊತ್ತಿ, ಸ್ಕ್ರೂ ಬಿಗಿದೆ.

ಹಳೆಯದು ಈಗ ಆ ಎನ್‌ಕ್ಲೋಷರ್‌ನಲ್ಲಿದೆ. ಫೈಲ್ ಸಾಗಿಸಲು ಬಳಸುತ್ತೇನೆ, ಏಕೈಕ ಪ್ರತಿಯನ್ನು ಮಾತ್ರ ಅದರಲ್ಲಿ ಇಡುವುದಿಲ್ಲ: ಕರೆಂಟ್ ಕಾಣದೆ ಬಹುಕಾಲ ಬಿದ್ದಿದ್ದರೆ ಫ್ಲಾಶ್ ಸೆಲ್‌ಗಳ ಚಾರ್ಜ್ ನಿಧಾನವಾಗಿ ಸೋರಿಹೋಗುತ್ತದೆ.