ಕಾಮಾದಿಂದ ಶುರುವಾಗುವ ಸ್ಕ್ರಿಪ್ಟುಗಳು

ಶೆಲ್ ಸ್ಕ್ರಿಪ್ಟ್ (ಟರ್ಮಿನಲ್‌ನಲ್ಲಿ ಓಡಿಸುವ ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್) ಬರೆಯುವುದು ಸುಲಭ. ಕೆಲವು ತಿಂಗಳು ಬಿಟ್ಟು ಅದನ್ನು ಎಲ್ಲಿಟ್ಟೆ, ಏನಂತ ಹೆಸರಿಟ್ಟೆ ಅಂತ ನೆನಪಿಸಿಕೊಳ್ಳುವುದೇ ಕಷ್ಟ. ಅದಕ್ಕೇ ಈಗ ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದೇನೆ. ಹೋಮ್ ಫೋಲ್ಡರಿನೊಳಗೆ ‘ಬಿನ್’ (bin) ಅನ್ನೋ ಫೋಲ್ಡರು, ಅಷ್ಟೇ.

ಉಬುಂಟುವಿನಲ್ಲಿ ಜಾಸ್ತಿ ಕೆಲಸವಿಲ್ಲ. ಆ ಹೆಸರಿನ ಫೋಲ್ಡರ್ ಇದ್ದರೆ ಲಾಗಿನ್ ಆದಾಗ ಓಡುವ ಪ್ರೊಫೈಲ್ ಫೈಲೇ ಅದನ್ನು ಪಾತ್‌ಗೆ, ಅಂದರೆ ಕಮಾಂಡ್‌ಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಗೆ, ಸೇರಿಸುತ್ತದೆ. ಒಮ್ಮೆ ಲಾಗೌಟ್ ಆಗಿ ಬಂದರೆ ಸಾಕು. ಮ್ಯಾಕ್‌ನಲ್ಲಿ ಆ ಸಾಲನ್ನು ನಾವೇ ಬರೆಯಬೇಕು.

ತಲೆನೋವು ಇರುವುದು ಹೆಸರಿಡುವುದರಲ್ಲಿ. ‘ಟೆಸ್ಟ್’ ಅಂತ ಇಟ್ಟು ನೋಡಿ. ನಾವು ಟೈಪ್ ಮಾಡಿದ್ದನ್ನು ಓದಿ ಓಡಿಸುವ ಶೆಲ್ ಒಳಗೇ ಆ ಹೆಸರಿನ ಕಮಾಂಡ್ (test) ಇದೆ. ಅದು ಓಡುತ್ತದೆ, ನಿಮ್ಮದು ಓಡುವುದಿಲ್ಲ, ಎರರ್ ಕೂಡ ಬರುವುದಿಲ್ಲ! ಹಾಗಾಗಿ ನಾನು ಪ್ರತಿ ಹೆಸರಿನ ಮುಂದೆ ಒಂದು ಕಾಮಾ ಹಾಕುತ್ತೇನೆ: ‘,ಬ್ಯಾಕಪ್’, ‘,ಫೋಟೊ’. ನೋಡೋಕೆ ವಿಚಿತ್ರ, ಅಲ್ವಾ? ಆದರೆ ಹೆಸರಿನ ಮೊದಲಿಗೆ ಬಂದ ಕಾಮಾವನ್ನು ಶೆಲ್ ಸುಮ್ನೆ ಒಂದು ಅಕ್ಷರದಂತೆ ನೋಡುತ್ತದೆ. ಶಿಫ್ಟ್ ಒತ್ತುವ ಗೋಜೂ ಇಲ್ಲ. ಕಾಮಾ ಹಾಕಿ ಎರಡು ಸಲ ಟ್ಯಾಬ್ ಒತ್ತಿದರೆ ನನ್ನವಷ್ಟೂ ಸಾಲಾಗಿ ಬರುತ್ತವೆ. ಉಪಾಯ ನನ್ನದಲ್ಲ, ನನಗಿಂತ ಮೊದಲೇ ಹಲವರು ಬಳಸಿದ್ದು.

ಇನ್ನು ಮೊದಲ ಸಾಲು, ಸ್ಕ್ರಿಪ್ಟನ್ನು ಯಾವ ಪ್ರೋಗ್ರಾಂ ಓಡಿಸಬೇಕು ಅಂತ ಹೇಳುವುದು. ನಾನು ಬಳಸುವ ಶೆಲ್ ಬ್ಯಾಶ್. ಅದಿರುವ ಜಾಗವನ್ನು ನೇರವಾಗಿ ಬರೆಯದೆ, ಪಾತ್‌ನಲ್ಲಿ ಹುಡುಕಿ ಕೊಡುವ ‘ಎನ್ವ್’ (env) ಕಮಾಂಡ್ ಮೂಲಕ ಕರೆಯುತ್ತೇನೆ. ಮ್ಯಾಕ್ ಜೊತೆ ಬರುವ ಬ್ಯಾಶ್ ಇನ್ನೂ 3.2, 2006ರಲ್ಲಿ ಶುರುವಾದ ಸರಣಿ. ಹೆಸರು ಕೊಟ್ಟು ಮೌಲ್ಯ ಇಡುವ ಅಸೋಸಿಯೇಟಿವ್ ಅರೇ ಬಂದದ್ದು 4.0ರಲ್ಲಿ, ಅಂದರೆ ಹಳೆಯದರಲ್ಲಿ ಇಲ್ಲ. ಹೊಸ ಬ್ಯಾಶ್ ಹಾಕಿಕೊಂಡು ಪಾತ್‌ನಲ್ಲಿ ಮುಂದಿಟ್ಟಿದ್ದರೆ ಎನ್ವ್ ಅದನ್ನೇ ಹಿಡಿಯುತ್ತದೆ.

ಎರಡನೇ ಸಾಲು ಕಾಮೆಂಟ್, ಶೆಲ್ ಓಡಿಸದೆ ಬಿಡುವ ಟಿಪ್ಪಣಿ. ಸ್ಕ್ರಿಪ್ಟ್ ಏನು ಮಾಡುತ್ತದೆ ಅಂತ ಒಂದೇ ವಾಕ್ಯ. ‘,ಪಟ್ಟಿ’ ಅಂತ ಇನ್ನೊಂದು ಪುಟ್ಟ ಸ್ಕ್ರಿಪ್ಟ್ ಇದೆ. ಒಂದು ಲೂಪ್, ಅದರೊಳಗೆ ಸೆಡ್ (ಫೈಲಿನಿಂದ ಬೇಕಾದ ಸಾಲನ್ನು ತೆಗೆದುಕೊಡುವ ಕಮಾಂಡ್). ಪ್ರತಿ ಫೈಲಿನ ಎರಡನೇ ಸಾಲನ್ನು ಎತ್ತಿ ಹೆಸರಿನ ಪಕ್ಕ ತೋರಿಸುತ್ತದೆ. ನಾನು ಅತಿ ಹೆಚ್ಚು ಓಡಿಸುವುದು ಇದನ್ನೇ.

ವೇರಿಯಬಲ್‌ಗಳಿಗೆ ಕೋಟ್ಸ್ ಹಾಕಲೇಬೇಕು. ಸ್ಕ್ರಿಪ್ಟಿಗೆ ಕೊಟ್ಟ ಮೊದಲ ಮೌಲ್ಯಕ್ಕೆ ಬರೀ $1 ಅಲ್ಲ, "$1". ಫೈಲ್ ಹೆಸರಿನ ನಡುವೆ ಸ್ಪೇಸ್ ಇದ್ದರೆ ಕೋಟ್ಸ್ ಇಲ್ಲದ ಸ್ಕ್ರಿಪ್ಟ್ ಅದನ್ನು ಎರಡು ಫೈಲ್ ಅಂದುಕೊಳ್ಳುತ್ತದೆ. ಅಳಿಸುವ ಸ್ಕ್ರಿಪ್ಟಾಗಿದ್ದರೆ ಕಥೆ ಮುಗಿಯಿತು. ಸ್ಕ್ರಿಪ್ಟಿನ ತಪ್ಪು ಹುಡುಕುವ ಶೆಲ್‌ಚೆಕ್ ಅನ್ನೋ ಟೂಲ್ ಇಂಥವನ್ನು ಮೊದಲೇ ಹೇಳುತ್ತದೆ.

ಇಡೀ ಫೋಲ್ಡರ್ ಫೈಲುಗಳ ಬದಲಾವಣೆ ದಾಖಲಿಸುವ ಗಿಟ್‌ನಲ್ಲಿದೆ, ಪಾಸ್‌ವರ್ಡ್‌ಗಳು ಮಾತ್ರ ಹೊರಗೆ. ಫೈಲ್ ಓಡಿಸಬಹುದು ಅನ್ನೋ ಪರ್ಮಿಷನ್ನನ್ನೂ ಗಿಟ್ ನೆನಪಿಡುತ್ತದೆ. ಹಾಗಾಗಿ ಹೊಸ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಕ್ಲೋನ್ (ಪೂರ್ತಿ ನಕಲು) ಮಾಡಿದ ಮೇಲೆ ಮತ್ತೆ ಪರ್ಮಿಷನ್ ಕೊಡುತ್ತಾ ಕೂರಬೇಕಿಲ್ಲ.