ಹಾಡಿನ ಹಿಂದಿನ ಗುಂಯ್

ಮೂರು ರಾತ್ರಿಯಿಂದ ಆಂಪ್ಲಿಫೈಯರ್ ಬಿಚ್ಚಿಟ್ಟುಕೊಂಡು ಕುಳಿತಿದ್ದೆ. ಹಾಡು ನಿಂತೊಡನೆ ಸ್ಪೀಕರಿನಿಂದ ಸಣ್ಣಗೆ ಗುಂಯ್ ಎನ್ನುವ ಸದ್ದು. ವಾಲ್ಯೂಮ್ ಪೂರ್ತಿ ಇಳಿಸಿದರೂ ಅಷ್ಟೇ ಇತ್ತು. ಅನುಮಾನ ಪವರ್ ಸಪ್ಲೈ ಮೇಲೆ ಹೋಯಿತು. 50 ಹರ್ಟ್ಸ್ ಎಸಿ ವಿದ್ಯುತ್ತು, ಅದನ್ನು ಒಂದೇ ದಿಕ್ಕಿಗೆ ಹರಿಸುವ ಬ್ರಿಜ್ ರೆಕ್ಟಿಫೈಯರ್ ದಾಟಿದರೆ 100 ಹರ್ಟ್ಸ್ ಅಲೆಯಾಗುತ್ತದೆ. ಚಾರ್ಜ್ ತುಂಬಿಟ್ಟುಕೊಂಡು ಅದನ್ನು ತಗ್ಗಿಸಬೇಕಾದ ಕೆಪಾಸಿಟರ್ ಒಳಗೆ ಒಣಗಿದ್ದರೆ ಆ ಅಲೆ ಹಾಡಿನೊಳಗೆ ನುಗ್ಗುತ್ತದೆ. ನೋಡಿದರೆ ಕೆಪಾಸಿಟರಿನ ನೆತ್ತಿ ಉಬ್ಬಿತ್ತು, ಬುಡದಲ್ಲಿ ಕಂದು ಅಂಟು. (ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ, ಖಾಲಿ ಮಾಡದೆ ದಯವಿಟ್ಟು ಮುಟ್ಟಬೇಡಿ.) ಹೊಸದನ್ನು ಬೆಸುಗೆ ಹಾಕಿದೆ. ಇಷ್ಟು ವರ್ಷ ಆ ಗುಂಯ್ ಅನ್ನೇ ಮೌನವೆಂದುಕೊಂಡು ಬದುಕಿದ್ದೆನಲ್ಲ! ಈಗ ತಂತಿಯ ಕೊನೆಯ ಮಿಡಿತ ಕರಗುವುದೂ ಕೇಳಿಸುತ್ತಿದೆ. ಅದೇ ಹಾಡನ್ನು ನಾಲ್ಕನೆಯ ಸಲ ಹಾಕಿದ್ದೇನೆ.