ಬೆನ್ನ ಹಿಂದಿನ ಉಸಿರು

ಉಪಜಿಲ್ಲಾ ಕ್ರೀಡಾಕೂಟ ಮುಗಿಸಿ ಬಂದ ಮಗಳು ಚೀಲವನ್ನು ಜಗಲಿಯಲ್ಲೇ ಬಿಸಾಡಿ ಒಳಗೆ ಹೋದಳು. 1500 ಮೀಟರಿನಲ್ಲಿ ಎರಡನೇ ಸ್ಥಾನ. ಸ್ವಲ್ಪ ಹೊತ್ತಿಗೆ ತಂಗಿಯ ಫೋನು ಬಂತು. “ಅಕ್ಕ, ಇವಳ ಸ್ಟೇಟಸ್ ನೋಡಿದ್ಯಾ?” ನೋಡಿದೆ. ‘ಇನ್ನೊಬ್ಬರ ಬೆನ್ನಿಗೆ ಅಂಟಿಕೊಂಡು ಓಡಿದರೆ ಯಾರು ಬೇಕಾದರೂ ಗೆಲ್ಲಬಹುದು’ ಎಂದಿತ್ತು. ಗೆದ್ದ ಹುಡುಗಿಯ ಶಾಲೆಯ ಹೆಸರೂ ಇತ್ತು.

ನನಗೆ ಕೈಕಾಲು ತಣ್ಣಗಾಯಿತು. ಇದೇ ಮಾತನ್ನು 1994ರಲ್ಲಿ ನಾನು ಹೇಳಿದ್ದೆ.

ಅಳಿಸು ಎಂದದ್ದಕ್ಕೆ ಮಗಳು ಒಪ್ಪಲಿಲ್ಲ. “ಇಂಗೆಬ್ರಿಗ್ಟ್‌ಸನ್ ಹೇಳ್ಲಿಲ್ವಾ ಅಮ್ಮ? ಜೋಶ್ ಕೆರ್‌ನನ್ನು ಕಣ್ಣಿಗೆ ಬಟ್ಟೆ ಕಟ್ಟಿ ಓಡಿದ್ರೂ ಸೋಲಿಸ್ತಿದ್ದೆ ಅಂತ?” ನಾರ್ವೆಯ ಓಟಗಾರ ಇಂಗೆಬ್ರಿಗ್ಟ್‌ಸನ್ ಹಾಗೆ ಹೇಳಿದ್ದು ಹೌದು. 2023ರಲ್ಲಿ ಬುಡಾಪೆಸ್ಟಿನ ವಿಶ್ವ ಚಾಂಪಿಯನ್‌ಶಿಪ್ಪಿನ 1500 ಮೀಟರಿನಲ್ಲಿ ಸ್ಕಾಟ್ಲೆಂಡಿನ ಕೆರ್ ಅವನನ್ನು ಹಿಂದೆ ಹಾಕಿ ಚಿನ್ನ ಗೆದ್ದಿದ್ದ. ಮರುವರ್ಷ ಒಳಾಂಗಣದ ಎರಡು ಮೈಲಿಯನ್ನು 8 ನಿಮಿಷ 0.67 ಸೆಕೆಂಡಿನಲ್ಲಿ ಓಡಿ ವಿಶ್ವದ ಅತ್ಯುತ್ತಮ ಸಮಯ ಬರೆದ. ಕಣ್ಣಿಗೆ ಬಟ್ಟೆ ಕಟ್ಟುವ ಮಾತು ಬಂದದ್ದು ಅದರ ಮೇಲೆ. ಕೆರ್ ಕೂಡ ಸುಮ್ಮನಿರಲಿಲ್ಲ, ಅವನ ನಡವಳಿಕೆಯನ್ನೇ ಎತ್ತಿ ಆಡಿದ್ದ.

“ಅಷ್ಟು ಮಾತಾಡಿದ್ದಕ್ಕೇ ಅಲ್ವಾ ನಾವು ನಿದ್ದೆಗೆಟ್ಟು ನೋಡಿದ್ದು?” ಎಂದಳು. ಅದೂ ನಿಜ. ಪ್ಯಾರಿಸ್ ಒಲಿಂಪಿಕ್ಸಿನ 1500ರ ಫೈನಲ್ 2024ರ ಆಗಸ್ಟ್ 6ಕ್ಕೆ. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು, ಆಟಿ ತಿಂಗಳ ಮಳೆ. ಕರೆಂಟು ಹೋದರೆ ಎಂತ ಮಾಡುವುದೆಂದು ಮೊದಲೇ ಮೊಬೈಲು ಚಾರ್ಜ್ ಮಾಡಿಟ್ಟು ಕಾದಿದ್ದೆವು. ಈಗ ಅದೇ ಮೊಬೈಲಿನಲ್ಲಿ ಆ ಓಟವನ್ನು ಮತ್ತೆ ಹಾಕಿದೆ.

ಇಂಗೆಬ್ರಿಗ್ಟ್‌ಸನ್ ಶುರುವಿನಿಂದಲೇ ಮುಂದೆ. ಮೊದಲ 400 ಮೀಟರ್ ಸುಮಾರು 55 ಸೆಕೆಂಡು. ಮುಂದಿದ್ದವನಿಗೆ ಗಾಳಿಯೂ ಎದುರು, ವೇಗ ಎಷ್ಟಿರಬೇಕೆಂಬ ತಲೆಬಿಸಿಯೂ ಅವನದ್ದೇ. ಹಿಂದಿನವರಿಗೆ ಎರಡೂ ಇಲ್ಲ. ಬೆನ್ನಿಗೆ ಕೆರ್ ಇದ್ದಾನೆಂದು ಅವನಿಗೆ ಗೊತ್ತು. ಗೊತ್ತಿಲ್ಲದ್ದು ಕೋಲ್ ಹಾಕರ್. ಕೊನೆಯ ಸುತ್ತಿನಲ್ಲಿ ಆ ಅಮೆರಿಕದ ಹುಡುಗ ಒಳಗಡೆಯಿಂದ ನುಗ್ಗಲು ನೋಡಿ ಜಾಗ ಸಿಗದೆ ತಡೆದು ನಿಂತ ಹಾಗಾದ. ನೇರ ದಾರಿಗೆ ಬಂದಾಗ ಮತ್ತೆ ಅಲ್ಲಿಂದಲೇ ನುಗ್ಗಿದ. 3:27.65, ಒಲಿಂಪಿಕ್ ದಾಖಲೆ. ಕೆರ್ 3:27.79. ಮೂರನೆಯವ ಯಾರೆಡ್ ನುಗುಸೆ. ಇಂಗೆಬ್ರಿಗ್ಟ್‌ಸನ್ನಿಗೆ ನಾಲ್ಕನೇ ಸ್ಥಾನ, ಪದಕವಿಲ್ಲ. ಸುಮಾರು ಒಂದು ವರ್ಷ ಪರಸ್ಪರ ಬೈದುಕೊಂಡ ಇಬ್ಬರಿಗೂ ಚಿನ್ನ ಸಿಗಲಿಲ್ಲ. ಆದರೆ ನಾಲ್ಕೇ ದಿನ ಬಿಟ್ಟು ಇಂಗೆಬ್ರಿಗ್ಟ್‌ಸನ್ 5000 ಮೀಟರಿನ ಚಿನ್ನ ಗೆದ್ದ. ಅದನ್ನು ಹೇಳದಿದ್ದರೆ ಅವನಿಗೆ ಅನ್ಯಾಯ.

ಆಮೇಲೆ ನನ್ನ ಕತೆ ಹೇಳಿದೆ. ಇಷ್ಟು ವರ್ಷ ಮನೆಯಲ್ಲಿ ಯಾರಿಗೂ ಹೇಳಿದ್ದಿಲ್ಲ.

ಒಂಬತ್ತನೇ ಕ್ಲಾಸು. ಕೆಂಪುಮಣ್ಣಿನ ಮೈದಾನ, ಸುಣ್ಣದ ಗೆರೆ, 200 ಮೀಟರಿನ ಸುತ್ತು. ಏಳು ಸುತ್ತು ಮುಂದಿದ್ದೆ. ಮಲಯಾಳ ಮೀಡಿಯಂನ ಹುಡುಗಿಯೊಬ್ಬಳು ಬರಿಗಾಲಲ್ಲಿ ಬೆನ್ನ ಹಿಂದೆಯೇ ಇದ್ದಳು. ಅವಳ ಉಸಿರು ನನ್ನ ಕಿವಿಗೆ ತಾಗುತ್ತಿತ್ತು, ಮೂರು ಹೆಜ್ಜೆಗೊಮ್ಮೆ ಸಣ್ಣ ಸೀಟಿಯ ಹಾಗೆ. ಉಳಿದ ಅರ್ಧ ಸುತ್ತಿನಲ್ಲಿ ದಾಟಿ ಹೋದಳು. ಬಹುಮಾನದ ಹೊತ್ತಿಗೆ ಮಾಷ್ಟ್ರು ಮೈಕು ನನ್ನ ಮುಂದೆ ಹಿಡಿದು ಹೇಗಾಯಿತು ಎಂದು ಕೇಳಿದರು. ಬೇರೆಯವರ ಬೆನ್ನ ಹಿಂದೆ ಅಡಗಿ ಓಡುವುದು ಓಟವಲ್ಲ ಎಂದುಬಿಟ್ಟೆ. ಕನ್ನಡದಲ್ಲಿ ಅಲ್ಲ, ಅವಳಿಗೆ ಸರಿಯಾಗಿ ಅರ್ಥವಾಗಲಿ ಎಂದೇ ಮಲಯಾಳದಲ್ಲಿ. ಅವಳು ನೆಲದಲ್ಲಿ ಕೂತು ಪಾದದ ಮಣ್ಣು ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ. ಒರೆಸುತ್ತಿದ್ದ ಕೈ ಮಾತ್ರ ನಿಂತಿತು.

ಮರುವರ್ಷ ಅವಳು ಬರಲಿಲ್ಲ. ನನ್ನ ಮಾತೇ ಕಾರಣವೋ, ಮನೆಯಲ್ಲಿ ಬಿಡಿಸಿದರೋ, ನಾನು ವಿಚಾರಿಸಲಿಲ್ಲ. ವಿಚಾರಿಸಬೇಕಿತ್ತು. ಆ ಸಲ ಅರ್ಧ ಸುತ್ತಿನ ಅಂತರದಲ್ಲಿ ನಾನೇ ಗೆದ್ದೆ. ಪಿ.ಟಿ. ಮಾಷ್ಟ್ರು ಸ್ಟಾಪ್‌ವಾಚ್ ತೋರಿಸಿದರು: ಸೋತ ವರ್ಷಕ್ಕಿಂತ ಹನ್ನೊಂದು ಸೆಕೆಂಡು ನಿಧಾನ. ಹಿಂದೆ ಉಸಿರಿನ ಸದ್ದಿಲ್ಲದೆ ಕಾಲು ಮುಂದೆ ಹೋಗಿರಲಿಲ್ಲ.

ನಮ್ಮ ಕೇರಳದ ಜಿನ್ಸನ್ ಜಾನ್ಸನ್ನನ್ನು ನೆನಪಿಸಿದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸಿನ 800 ಮೀಟರಿನಲ್ಲಿ, ರಾಷ್ಟ್ರೀಯ ದಾಖಲೆ ಕೈಯಲ್ಲಿದ್ದ ಜಿನ್ಸನ್ನನ್ನು ಮಂಜಿತ್ ಸಿಂಗ್ ಕೊನೆಯ ಗಳಿಗೆಯಲ್ಲಿ ದಾಟಿದ್ದ, 1:46.15ಕ್ಕೆ 1:46.35. ಎರಡು ದಿನ ಬಿಟ್ಟು ಇಬ್ಬರೂ 1500ಕ್ಕೆ ಇಳಿದರು. ಅಲ್ಲಿ ಚಿನ್ನ ಜಿನ್ಸನ್ನಿಗೆ.

ಮಗಳು ಏನೂ ಹೇಳಲಿಲ್ಲ. ಗಂಜಿ ಊಟದ ಹೊತ್ತಿಗೆ ಸ್ಟೇಟಸ್ ಇರಲಿಲ್ಲ. ನಾನೂ ಆ ಸುದ್ದಿ ಎತ್ತಲಿಲ್ಲ. ಜಿಲ್ಲಾ ಕೂಟಕ್ಕೆ ಇವಳಿಗೂ ಗೆದ್ದ ಆ ಹುಡುಗಿಗೂ ಹೋಗಲಿಕ್ಕುಂಟು.

ಉಪ್ಪಿನಕಾಯಿ ಬಡಿಸುವಾಗ ತಟ್ಟೆ ನೋಡುತ್ತಲೇ ಹೇಳಿದಳು. “ಅವಳು ಸ್ಪೀಡ್ ಹಾಕುವ ಮೊದಲು ಎಡಗೈ ಒಮ್ಮೆ ಕೆಳಗೆ ಬೀಳ್ತದಮ್ಮ. ಅವಳಿಗೇ ಗೊತ್ತಿಲ್ಲ ಕಾಣ್ತದೆ.”